ಅಕ್ಕೋರು ನಮ್ಮ ಅಧ್ಯಕ್ಷರಾದದ್ದು

ಬೈಲಹೊಂಗಲದ ಪೇಟೆಯಲ್ಲಿ ಅರಳೆ ವ್ಯಾಪಾರಿಯೊಬ್ಬರ ಮಳಿಗೆಯ ಮೇಲಂತಸ್ತಿನಲ್ಲಿ ನಮ್ಮ ವಾಚನಾಲಯವಿತ್ತು. ಕಿಟಕಿ ತೆರೆದರೆ ಅರಳೆಯ ಎಳೆಗಳು ಹಾರಿಬಂದು ಪತ್ರಿಕೆಗಳ ಮೇಲೆ ಕೂರುತ್ತಿದ್ದವು. ಮುಚ್ಚಿದರೆ ಬೀಡಿಯ ಹೊಗೆಗೆ ಕಣ್ಣು ಉರಿಯುತ್ತಿತ್ತು. ಪುಣೆಯ ಮರಾಠಿ ಪತ್ರಿಕೆ, ಧಾರವಾಡದ ಕನ್ನಡ ಪತ್ರಿಕೆ, ಎರಡು ಕಪಾಟು ಪುಸ್ತಕ, ಒಂದು ಹಳೆಯ ಜಮಖಾನೆ ನಮ್ಮ ಆಸ್ತಿ. ಗಂಡುಮಕ್ಕಳ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು ಅದರ ಕಾರ್ಯದರ್ಶಿ. ಆಗ ನನಗೆ ಮದುವೆಯಾಗಿ ಮೂರ್ನಾಲ್ಕು ವರ್ಷವಾಗಿರಬಹುದು.

ನಮ್ಮ ಅಧ್ಯಕ್ಷರು ಊರು ಬಿಟ್ಟು ಬೆಳಗಾವಿಯಲ್ಲಿ ನೆಲೆಸಲು ಹೋದರು. ಅವರ ಜಾಗಕ್ಕೆ ಯಾರು ಎಂಬ ಮಾತು ಬಂದಾಗ, ಭಾಷಣ ಮಾಡುವ ಹುಮ್ಮಸ್ಸಿನ ಬಟ್ಟೆ ವ್ಯಾಪಾರಿಯೊಬ್ಬರು ಎದ್ದು ನಿಂತು, "ಅಕ್ಕೋರನ್ನ ಮಾಡೋಣು" ಎಂದುಬಿಟ್ಟರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಆದರೆ ಬೈಲಹೊಂಗಲದಲ್ಲಿ ಬರಿಯ 'ಅಕ್ಕೋರು' ಎಂದರೆ ಒಬ್ಬರೇ. ರಾಮದುರ್ಗದಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಅಣ್ಣನ ಬೆಂಬಲದಿಂದ ಓದಿ, ನೇಸರಗಿಯಲ್ಲಿ ಕೆಲವು ವರ್ಷ, ಆಮೇಲೆ ನಮ್ಮ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದವರು. ಈಗ ನಿವೃತ್ತರಾಗಿದ್ದರು.

ಅಂದು ಸಭೆ ಎರಡು ಹೋಳಾಯಿತು. ವಕೀಲರೊಬ್ಬರು, "ಸರಕಾರಕ್ಕ ಅರ್ಜಿ ಬರಿಯೂದು ಇರತದ. ಅವರಿಗೆ ಇಂಗ್ಲಿಷ್ ಬರೂದಿಲ್ಲ. ಯೋಗ್ಯತಾ ನೋಡಬೇಕಲ್ಲ?" ಎಂದರು. ಊರಿನ ಇನಾಮದಾರರು ಯೋಗ್ಯತೆಯ ಮಾತಿಗೇ ಹೋಗಲಿಲ್ಲ. "ವರ್ಷದ ಸಮಾರಂಭದಾಗ ದೀಪಾ ಯಾರು ಹಚ್ಚತಾರ? ಗಂಡ ಸತ್ತ ಹೆಣ್ಣಮಗಳ ಕೈಲೆ ಹಚ್ಚಿಸ್ತೀರೇನು? ಆಕಿ ಕುರ್ಚಿ ಮ್ಯಾಲ ಕುಂತರ ನಾವು ಜಮಖಾನಿ ಮ್ಯಾಲ ಕುಂದ್ರೂದೇನು?" ಎಂದರು. ಮಾತು ಮುಗಿಯಲಿಲ್ಲ. ಮೊದಲು ಅಕ್ಕೋರ ಒಪ್ಪಿಗೆ ಕೇಳಿ ಬರಲಿ ಎಂದು ನನ್ನನ್ನು ಗೊತ್ತುಮಾಡಿದರು.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಅಕ್ಕೋರ ಹತ್ತಿರವೇ ಅಕ್ಷರ ಕಲಿತವಳು. ರೊಟ್ಟಿ ಬಡಿಯುತ್ತಲೇ ಕೇಳಿದಳು:

"ಹ್ವಾದ ಅಧ್ಯಕ್ಷರ ಯೋಗ್ಯತಾ ಏನಿತ್ರಿ?"

"ಅವರು ದೊಡ್ಡ ಮನುಷ್ಯಾರು."

"ಸಭಾದಾಗ ನಿದ್ದಿ ಮಾಡತಾರ ಅಂತ ನೀವ ಹೇಳ್ತಿದ್ರಿ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಮರುದಿನ ಹೋದಾಗ ಅಕ್ಕೋರು ಪಡಸಾಲೆಯಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. "ಬರ್ರಿ ಮಾಸ್ತರ, ಕುಂದರ್ರಿ" ಎಂದು ಮಣೆ ಸರಿಸಿದರು. ನಾನು ಬಂದ ಕಾರಣ ಹೇಳಿ, ಎಲ್ಲರಿಗೂ ಅವರ ಮೇಲೆ ಬಹಳ ಗೌರವವಿದೆ ಎಂದೆ.

"ಬ್ಯಾಡ ಅಂದವರು ಯಾರು? ಏನಂದ್ರು? ಅದನ್ನ ಮೊದಲ ಹೇಳ್ರಿ."

ನಾನು ಇಂಗ್ಲಿಷಿನ ಮಾತನ್ನಷ್ಟೇ ಹೇಳಿದೆ. ಅವರು ಸೊಪ್ಪು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಹೇಳದೆ ವಿಧಿಯಿರಲಿಲ್ಲ. ದೀಪದ ಮಾತನ್ನೂ ಹೇಳಿದೆ. ಅವರ ಮುಖ ಸಣ್ಣದಾಯಿತು. ಎದ್ದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ನಾನು ಹೊರಡಬೇಕೋ ಇರಬೇಕೋ ತಿಳಿಯದೆ ಕೂತೆ. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದರು.

"ನಾ ಬರತೇನಿ. ಅಂದದ್ದನ್ನ ನನ್ನ ಎದುರಿಗೆ ಅನ್ನಲಿ. ಅಷ್ಟು ಸಾಕು."

ಮುಂದಿನ ಸಭೆಗೆ ಅವರು ಬಂದಾಗ ಮೆಟ್ಟಿಲ ಸದ್ದಿಗೇ ಎಲ್ಲರ ಬೀಡಿಗಳೂ ಆರಿದವು. ಕುರ್ಚಿ ತೋರಿಸಿದರೆ ಬೇಡವೆಂದು ಜಮಖಾನೆಯ ತುದಿಯಲ್ಲಿ ಕೂತರು. ಆ ಬಟ್ಟೆ ವ್ಯಾಪಾರಿ ಭಾಷಣ ಶುರುಮಾಡಿದರು. ಅಕ್ಕೋರು ದೇವಿ, ಅಕ್ಕೋರು ಮಾತೆ, ಕಿತ್ತೂರಿನ ಕೋಟೆಯಿಂದ ರಾಣಿ ಆಳಿದ ಈ ನಾಡಿನಲ್ಲಿ...

"ತಮ್ಮಾ, ಸ್ವಲ್ಪ ತಡಿ," ಎಂದರು ಅಕ್ಕೋರು. "ರಾಣಿ ಹೆಸರ ಹೇಳಿ ನನಗ ಕುರ್ಚಿ ಕೊಡಬ್ಯಾಡ. ಆಕಿ ಕೆಲಸ ಆಕಿದು. ನನ್ನ ಕೆಲಸ ಊರೆಲ್ಲಾ ನೋಡೇತಿ. ಅದನ್ನ ತೂಗಿ ಬೇಕಂದ್ರ ಬೇಕನ್ರಿ, ಬ್ಯಾಡಂದ್ರ ಬ್ಯಾಡನ್ರಿ. ದೇವಿ ಮಾಡಿದ್ರ ಮುಂದ ನಾಕು ಮಾತು ಆಡಾಕ ಬಿಡೂದಿಲ್ಲ ನೀವು."

ವಕೀಲರು ಎದ್ದರು. ತಮ್ಮ ಆಕ್ಷೇಪಣೆಯನ್ನು ಒಂದಕ್ಷರ ಮೆದು ಮಾಡದೆ ಅವರೆದುರೇ ಹೇಳಿದರು. ಅಕ್ಕೋರು ಕೊನೆಯವರೆಗೂ ಕೇಳಿದರು.

"ಖರೇ ಅದ. ನನಗ ಇಂಗ್ಲಿಷ್ ಬರೂದಿಲ್ಲ. ಅರ್ಜಿ ಬರಿಯಾಕ ಕಾರ್ಯದರ್ಶಿ ಅದಾರ. ಅವರು ಬರದದ್ದನ್ನ ನನಗ ಕನ್ನಡದಾಗ ತಿಳಿಸಿದ ಮ್ಯಾಲ ಸಹಿ ಮಾಡತೇನಿ. ನಿಮಗದು ಸಾಲದಿದ್ರ ನನಗ ಕೈ ಎತ್ತಬ್ಯಾಡ್ರಿ."

"ಎತ್ತೂದಿಲ್ರಿ," ಎಂದು ವಕೀಲರು ಕೈಮುಗಿದು ಕೂತರು.

ಇನಾಮದಾರರ ಕಡೆ ಎಲ್ಲರೂ ನೋಡಿದರು. ಅವರು ಶಲ್ಯದ ಅಂಚು ತಿರುವುತ್ತ ಕೂತಿದ್ದರು. ಆಗ ಅಕ್ಕೋರೇ ಮಾತೆತ್ತಿದರು.

"ದೀಪದ ಮಾತು ಒಂದ ಉಳೀತು. ಪ್ಲೇಗಿನ ವರ್ಷ ಊರ ಖಾಲಿ ಮಾಡಿ ಹೊಲದಾಗ ಗುಡಿಸಲಾ ಹಾಕಿಕೊಂಡಿದ್ವಿ. ಹುಣಸಿ ಗಿಡದ ಬುಡಕ ನಿಮ್ಮ ನಿಮ್ಮ ಹೆಣ್ಣಮಕ್ಕಳನ್ನ ಕೂಡಿಸಿಕೊಂಡು ಸಾಲಿ ನಡಿಸಿದೆ. ಸಂಜಿಕ ಕಂದೀಲಾ ನಾನ ಹಚ್ಚತಿದ್ದೆ. ತಾಯಿ ಸತ್ತ ಹುಡಿಗೇರು ನನ್ನ ತೊಡಿ ಮ್ಯಾಲ ಮಲಗತಿದ್ವು. ಆವಾಗ ಈ ಕೈ ಯಾರದು ಅಂತ ಒಬ್ಬರೂ ಕೇಳಲಿಲ್ಲ." ಸೆರಗು ಸರಿಮಾಡಿಕೊಂಡರು. "ಸಮಾರಂಭದಾಗ ಯಾರರೇ ಹಚ್ಚಲಿ, ನನಗ ಹಟ ಇಲ್ಲ. ಆದ್ರ ನಾ ಹಚ್ಚಬಾರದು ಅಂತ ಠರಾವು ಮಾಡಿದ್ರ ಅದಕ್ಕ ನಾ ಸಹಿ ಹಾಕೂದಿಲ್ಲ."

ಇನಾಮದಾರರು, ಯಾರಿಗೂ ಹೇಳಿದ್ದಲ್ಲವೆಂಬಂತೆ, "ನನ್ನ ಮಗಳೂ ಆ ಗಿಡದ ಬುಡಕ ಇದ್ದಳು" ಎಂದರು.

ಕೈ ಎತ್ತಿಸಿ ಎಣಿಸಿದೆ. ಅಕ್ಕೋರ ಕಡೆ ಕೊಂಚವೇ ಹೆಚ್ಚು. ಇನಾಮದಾರರು ಯಾವ ಕಡೆಗೂ ಕೈ ಎತ್ತಲಿಲ್ಲ, ಎದ್ದೂ ಹೋಗಲಿಲ್ಲ. ಸಭೆಯ ವೃತ್ತಾಂತ ಬರೆಯಲು ಕೂತಾಗ ಹೊಸ ಜಗಳ. ಅಧ್ಯಕ್ಷಿಣಿ ಎನ್ನಬೇಕೆಂದು ಒಬ್ಬರು, ಅಧ್ಯಕ್ಷೆ ಎಂದು ಇನ್ನೊಬ್ಬರು. ಅಕ್ಕೋರು ವ್ಯಾಕರಣ ಕಲಿಸುವ ಧಾಟಿಯಲ್ಲಿ, "ಅಧ್ಯಕ್ಷರು ಅಂತ ಬರೀರಿ ಮಾಸ್ತರ. ಮರ್ಯಾದಿ ಬಹುವಚನದಾಗ ಹೆಣ್ಣು ಗಂಡು ಇಲ್ಲ" ಎಂದರು. ವಕೀಲರೇ ಮೊದಲು ನಕ್ಕರು.

ಕೆಳಗಿಳಿಯುವಾಗ, ವಕೀಲರು ವಿರೋಧಿಸಿದ್ದಕ್ಕೆ ಬೇಸರವಾಯಿತೇ ಎಂದು ಕೇಳಿದೆ. "ಯಾಕ? ನನ್ನ ಜೋಡಿ ಒಬ್ಬ ಮನುಷ್ಯಾನ ಜೋಡಿ ವಾದಾ ಮಾಡಿದಂಗ ಮಾಡಿದ್ರು. ಇಷ್ಟು ವರ್ಷದಾಗ ಯಾರೂ ಮಾಡಿರಲಿಲ್ಲ" ಎಂದರು.

ಅವರ ಕೈಕೆಳಗೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಬೀಡಿ ಬಂದ್ ಆಯಿತು. ನನ್ನ ಒಂದು ಕಾಗುಣಿತದ ತಪ್ಪಿಗೆ ಇಡೀ ವರದಿ ಮತ್ತೆ ಬರೆಸಿದರು. ಕೆಲವು ಸದಸ್ಯರು ಬಿಟ್ಟುಹೋದರು, ಅವರನ್ನು ಒಲಿಸಿಕೊಳ್ಳುವುದು ಅಕ್ಕೋರಿಗೆ ಕಡೆಗೂ ಬರಲಿಲ್ಲ. ಮಂಗಳವಾರ ಮಧ್ಯಾಹ್ನ ಹೆಂಗಸರಿಗೆಂದು ವಾಚನಾಲಯ ತೆರೆದಾಗ ಮೊದಮೊದಲು ಯಾರೂ ಬರಲಿಲ್ಲ. ಅವರೊಬ್ಬರೇ ಬಾಗಿಲು ತೆರೆದು, ಪತ್ರಿಕೆ ಓದಿ, ಬಾಗಿಲು ಹಾಕಿಕೊಂಡು ಬರುತ್ತಿದ್ದರು.

ಒಂದು ಮಂಗಳವಾರ ನನ್ನ ಹೆಂಡತಿ ಹೊರಟಳು. ನನ್ನ ತಾಯಿಗೆ ಅಕ್ಷರ ಬಾರದು. "ಪ್ಯಾಟಿಯೊಳಗ ಹೆಣ್ಣಮಕ್ಕಳು ಮಾಳಗಿ ಮೆಟ್ಟಲಾ ಹತ್ತೂದೇನ" ಎಂದು ಗೊಣಗುತ್ತಲೇ, ಸೊಸೆಯೊಬ್ಬಳನ್ನೇ ಕಳಿಸಬಾರದೆಂದು ಜೊತೆಗೆ ನಡೆದಳು. ಸಂಜೆ ನಾನು ಶಾಲೆಯಿಂದ ಬಂದರೆ ಮನೆಗೆ ಇನ್ನೂ ಬೀಗ ಹಾಕಿತ್ತು. ಕಟ್ಟೆಯ ಮೇಲೆ ಕಾದು ಕೂತೆ. ಇಬ್ಬರೂ ಬಂದರು. ಅವ್ವ ಬಾಗಿಲು ತೆಗೆಯುವ ಮೊದಲೇ, ಸವದತ್ತಿಯ ಹತ್ತಿರ ಹೊಳೆ ಬಂದು ದಾರಿ ನಿಂತ ಸುದ್ದಿ ಪತ್ರಿಕೆಯಲ್ಲಿ ಬಂದಿದೆ, ನಿನಗೆ ಗೊತ್ತೇನೋ ಎಂದು ನನ್ನನ್ನು ಕೇಳಿದಳು.