ಚಿಕ್ಕತಾಯಮ್ಮನ ನಾಲಿಗೆ ಮತ್ತು ಎಂಟು ಸೀಸೆ

ಫ್ರೀಜರ್ ಕೆಡಬಹುದು. ಕರೆಂಟ್ ಹೋದ ಹೊತ್ತಿಗೇ ಜನರೇಟರಿನ ಡೀಸೆಲ್ ಮುಗಿದಿರಬಹುದು. ಸೀಸೆ ನನ್ನ ಕೈಯಿಂದಲೇ ಜಾರಬಹುದು. ರೋಗಿಗೆ ಜ್ವರ ನೆತ್ತಿಗೇರಬಹುದು. ಔಷಧ ಏನೂ ಮಾಡದೆಯೂ ಇರಬಹುದು.

ನಾಲ್ಕು ವರ್ಷದ ಹಿಂದೆ, ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್ ಆಗಿದ್ದಾಗ ನಾನು ಬರೆದಿಟ್ಟುಕೊಂಡ ಪಟ್ಟಿ ಇದು. ಹೊಸ ಔಷಧದ ಪರೀಕ್ಷೆ ನಡೆಯುವಾಗ ರೋಗಿ, ಔಷಧ, ಕಾಗದಪತ್ರ ಮೂರೂ ಹೊತ್ತಿಗೆ ಸರಿಯಾಗಿ ಒಂದೆಡೆ ಸೇರುವಂತೆ ನೋಡಿಕೊಳ್ಳುವ ಕೆಲಸ. ಚಿಂತೆ ಮಾಡುವುದಕ್ಕೇ ಸಂಬಳ ಕೊಡುವ ಹುದ್ದೆ; ನನಗೆ ಹೇಳಿ ಮಾಡಿಸಿದ್ದು.

ರೋಗಿ ಚಿಕ್ಕತಾಯಮ್ಮ, ಮಾರೇನಹಳ್ಳಿಯಲ್ಲಿ ಗಾಡಿ ತಳ್ಳಿಕೊಂಡು ಸೊಪ್ಪು ಮಾರುವವರು. ಹೊಗೆಸೊಪ್ಪಿನ ಚಟ ನಾಲಿಗೆಗೆ ಕ್ಯಾನ್ಸರ್ ತಂದಿತ್ತು. ಆಪರೇಷನ್, ರೇಡಿಯೇಷನ್ ಆದಮೇಲೂ ಗಡ್ಡೆ ಮರಳಿತ್ತು. ನಾವು ಪರೀಕ್ಷಿಸುತ್ತಿದ್ದ ಹೊಸ ಔಷಧ ಫಲಿಸದಿದ್ದರೆ ನಾಲಿಗೆಯನ್ನೇ ತೆಗೆಯಬೇಕಿತ್ತು.

"ನಾಲ್ಗೆ ಹೋದ್ರೆ ಬೀದೀಲಿ ಕೂಗೋರ್ಯಾರು ಸಾರ್? ದಂಟಿನ ಸೊಪ್ಪೇ ಕೂಗ್ತದಾ?"

ನಾನು ಜೀನ್ ಥೆರಪಿ ವಿವರಿಸಿದೆ. ಕೆಟ್ಟ ಜೀವಕೋಶವನ್ನು ಸಾಯಿಸುವ ಜೀನ್ ಒಂದು ನಮ್ಮೊಳಗೇ ಇದೆ. ಇವರ ಗಡ್ಡೆಯಲ್ಲಿ ಅದೇ ಹಾಳಾಗಿತ್ತು. ಸರಿಯಾದ ಜೀನನ್ನು, ಹರಡದಂತೆ ಪಳಗಿಸಿದ ನೆಗಡಿ ವೈರಸ್ಸಿನ ಬೆನ್ನೇರಿಸಿ, ಸೂಜಿಯಿಂದ ನೇರವಾಗಿ ಗಡ್ಡೆಗೆ ಕಳಿಸುತ್ತೇವೆ.

"ನೆಗಡಿ ನಮ್ಮ ಬೀದೀಲಿ ಪುಕ್ಸಟ್ಟೆ ಸಿಗ್ತದಲ್ಲ ಸಾರ್!" ಅಂದು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು.

ವಾರಕ್ಕೊಂದರಂತೆ ಎಂಟು ಚುಚ್ಚುಮದ್ದು. ಸೀಸೆ ಮೈನಸ್ ಎಪ್ಪತ್ತು ಡಿಗ್ರಿಯಲ್ಲಿರಬೇಕು. ಒಮ್ಮೆ ಕರಗಿದರೆ ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಹಾಗಾಗಿ ಅವರು ಕುರ್ಚಿಯಲ್ಲಿ ಕೂತ ಮೇಲಷ್ಟೇ ಫ್ರೀಜರ್ ತೆಗೆಯುತ್ತಿದ್ದೆ. ಪ್ರತಿ ಸಲವೂ ಬೆಳಿಗ್ಗೆ ಮೂರು ಸಲ ಫೋನು: "ಹೊರಟ್ರಾ ಅಮ್ಮ?"

"ಆಟೋ ಹತ್ತಿದೀನಿ ಕಣಪ್ಪ. ನೀವು ಒಸಿ ನೀರು ಕುಡೀರಿ."

ಮೊದಲ ಸಲ ಜ್ವರ ಬಂತು, ಮರುದಿನ ಇಳಿಯಿತು. ಎಂಟೂ ಮುಗಿದ ಮೇಲೆ ಸ್ಕ್ಯಾನ್, ಆಮೇಲೆ ಬಯಾಪ್ಸಿ. ಮಾತಿಗೆ ಜಿಪುಣರಾದ ನಮ್ಮ ಡಾಕ್ಟರು ವರದಿಯನ್ನು ಎರಡು ಸಲ ಓದಿ, "ಗಡ್ಡೆ ಇಲ್ಲ. ನಾಲಿಗೆ ನಿಮ್ಮದೇ" ಅಂದರು. ಎಲ್ಲ ರೋಗಿಗಳಿಗೂ ಹೀಗಾಗಲಿಲ್ಲ, ಇವರಿಗಾಯಿತು. ಚಿಕ್ಕತಾಯಮ್ಮ ಕಾರಿಡಾರಿಗೆ ಹೋಗಿ, "ಮೆಂತ್ಯೇ! ಸಬ್ಬಸಿಗೇ! ದಂಟೂ!" ಎಂದು ಕೂಗಿದ ಕೂಗಿಗೆ ಸೆಕ್ಯೂರಿಟಿಯವರು ಓಡಿಬಂದರು. ಯಾರೂ ನೋಡದಂತೆ ಕನ್ನಡಕ ಒರೆಸಿಕೊಂಡೆ.

ಮೂರು ತಿಂಗಳ ನಂತರ ತಪಾಸಣೆಗೆ ಬಂದಾಗ ಅವರ ಸೊಸೆ ಕೇಳಿದಳು: "ಸಾರ್, ಅತ್ತೆ ಇನ್ನೂ ಎಷ್ಟು ದಿನ ಜಗಲೀಲಿ ಬೇರೆ ತಟ್ಟೇಲಿ ಉಣ್ಬೇಕು? ಮೊಮ್ಮಗಳನ್ನ ಹತ್ರಾನೇ ಬಿಟ್ಕೊಳ್ಳಲ್ಲ."

ಎಂಜಲಿನಲ್ಲಿ ವೈರಸ್ ಇರಬಹುದೆಂದು, ಚುಚ್ಚಿದ ಮೇಲೆ ಕೆಲವು ದಿನ ತಟ್ಟೆ ಲೋಟ ಬೇರೆ ಇಡಿಸುವುದು ನಿಯಮ. ಅದನ್ನು ಎಂಟು ಸಲ ಹೇಳಿದ್ದೆ.

"ನೀವು ಸಾಕು ಅನ್ಲಿಲ್ವಲ್ಲ ಸಾರ್," ಅಂದರು ಚಿಕ್ಕತಾಯಮ್ಮ.

ಆ ಇಡೀ ಚಿಕಿತ್ಸೆಯಲ್ಲಿ ತಪ್ಪಿದ್ದು ಅದೊಂದೇ. ಈಗ ಯಾರಿಗೆ ಯಾವ ಪಥ್ಯ ಬರೆದುಕೊಟ್ಟರೂ, ಅದು ಮುಗಿಯುವ ತಾರೀಖನ್ನು ಮೊದಲು ಬರೆಯುತ್ತೇನೆ.