ಬಿಬಿಸೋರಕ್ಕನ ಜಿಂಕೆಹುಲ್ಲು

ಬಿಬಿಸೋರಕ್ಕನ ಬಾಯಿಗೆ ನಮ್ಮ ಕೇರಿಯ ಕತ್ತೆಗಳೂ ಹೆದರುತ್ತಿದ್ದವು. ಪಕ್ಕದ ಮನೆಯವಳಾದ ನಾನು ಗೋಡೆ ದಾಟಿ ಬರುವ ಬೈಗುಳ ಕೇಳಿಯೇ ಬೆಳಗಾಯಿತೆಂದು ಏಳುತ್ತಿದ್ದೆ. ಮೊದಲ ಸೊಸೆ ಒಂದು ಚಳಿಗಾಲ ತಡೆದುಕೊಂಡಳು. ಪಲಾವಿಗೆ ಗಜ್ಜರಿ ದಪ್ಪ ಹೆಚ್ಚಿದಳೆಂದು ನೆಂಟರೆದುರು ಇವಳು ಆಡಿಕೊಂಡದ್ದೇ ಸಾಕಾಯಿತು, ಗಂಟು ಕಟ್ಟಿಕೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಇಂಥವಳು ಮೆತ್ತಗಾಗುತ್ತಿದ್ದದ್ದು ಅಂಗಳದ ಜಿಂಕೆಹುಲ್ಲಿನ ಮುಂದೆ ಮಾತ್ರ. ಬೆಟ್ಟದ ಬಿಸಿಲಿಗೆ, ಕಲ್ಲಿನ ಸಂದಿಯಲ್ಲಿ ಹುಟ್ಟುವ ಗಿಡ ಅದು. ಬೇಸಿಗೆ ಶುರುವಾದಾಗಿನಿಂದ ದ್ರಾಕ್ಷಿ ಕೊಯ್ಯುವವರೆಗೂ ನೇರಳೆ ಹೂ ಬಿಡುತ್ತಲೇ ಇರುತ್ತದೆ. ಒಣಗಿದ ಕಟ್ಟುಗಳು ಬಜಾರಿನಲ್ಲಿ ಬೇಕಾದಷ್ಟು ಸಿಗುತ್ತವೆ, ಚಹಾಕ್ಕೆ ಹಾಕುತ್ತೇವೆ. ಆದರೆ ಇದು ಅವಳ ತವರಿನದು. ಗುಡ್ಡ ಕುಸಿದು ಆ ಊರು ಅವಳ ತಾಯಿಯ ಗೋರಿ ಸಮೇತ ಮಣ್ಣಡಿ ಹೋಯಿತು. ಅದಕ್ಕೂ ಮುಂಚೆ ಬೇರುಸಹಿತ ಮಡಿಲಲ್ಲಿ ತಂದಿದ್ದ ಈ ಗಿಡವೊಂದೇ ಉಳಿದದ್ದು. ಜಲ್ಲಿ ಸುರಿದು ದಿಬ್ಬ ಮಾಡಿ ನೆಟ್ಟಿದ್ದಳು. ನೀರು ಹಾಕುತ್ತಿದ್ದದ್ದೇ ಅಪರೂಪ.

"ಬಾಯಾರಿಕೆ ಇದ್ರೇನೇ ಇದಕ್ಕೆ ಪರಿಮಳ ಕಣೇ," ಅನ್ನುತ್ತಿದ್ದಳು. ನನಗೂ ಗೆಲ್ಲು ಕೊಟ್ಟಿದ್ದಳು. ನನ್ನ ಮಣ್ಣಿನಲ್ಲಿ ಒಂದೂ ಹಿಡಿಯಲಿಲ್ಲ.

ಹೋದ ವಸಂತದಲ್ಲಿ ಮಗ ಇಲ್ಹೋಮನಿಗೆ ಎರಡನೇ ಮದುವೆಯಾಯಿತು. ಅದಕ್ಕೆ ಮೊದಲು ಅವನು ತಾಯಿಯ ಕೈಗೆ ರೊಟ್ಟಿ ಕೊಟ್ಟು ಆಣೆ ಮಾಡಿಸಿದ, ಸೊಸೆಯ ಕೆಲಸದಲ್ಲಿ ಒಂದು ತಪ್ಪೂ ಎತ್ತುವುದಿಲ್ಲ ಎಂದು. ರೊಟ್ಟಿಯ ಆಣೆ ಮುರಿದವರನ್ನು ರೊಟ್ಟಿಯೇ ಬಿಡುವುದಿಲ್ಲ. ಬಿಬಿಸೋರಕ್ಕ ಬಾಯಿಗೆ ಬೀಗ ಹಾಕಿಕೊಂಡಳು.

ಹೊಸ ಸೊಸೆ ಮೊಹಿಗುಲ್ ಕೆಳಗಿನ ಹತ್ತಿ ಸೀಮೆಯವಳು. ಅಲ್ಲಿ ನೀರಿಗಾಗಿ ಅಣ್ಣತಮ್ಮಂದಿರೇ ಗುದ್ದಲಿ ಎತ್ತಿ ನಿಲ್ಲುತ್ತಾರೆ. ಹುಡುಗಿ ನಸುಕಿನಲ್ಲೇ ಎದ್ದು, ಸೊಸೆಯಾದವಳು ಮಾಡಬೇಕಾದಂತೆ ಅಂಗಳ ಗುಡಿಸಿ ನೀರು ಚಿಮುಕಿಸುತ್ತಿದ್ದಳು. ಅತ್ತೆಯ ಪ್ರೀತಿಯ ಗಿಡವೆಂದು ಯಾರೋ ಹೇಳಿದ್ದರು. ಕೊನೆಯ ಬಕೆಟ್ಟನ್ನು ತುಂಬ ಅಕ್ಕರೆಯಿಂದ ಅದರ ಬುಡಕ್ಕೇ ಸುರಿಯುತ್ತಿದ್ದಳು. ಎಲೆ ಹಳದಿಯಾಯಿತು. ಪಾಪ, ನೀರು ಸಾಲದೆಂದು ಇನ್ನಷ್ಟು ಸುರಿದಳು.

ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಕಣ್ಣಿಗೆ ಪೊರೆ ಬಂದಿದ್ಯಾ? ಆ ಹುಡುಗಿಗೆ ಒಂದು ಮಾತು ಹೇಳು!"

"ಹೇಳಿದ್ರೆ ಅದೂ ತಪ್ಪು ಎತ್ತಿದ ಹಾಗೇ ಅಲ್ವೇನೆ?"

"ಬೇಲಿನಾದ್ರೂ ಹಾಕು."

"ಬಾಯಲ್ಲಿ ಬೈಯೋದನ್ನ ಬೇಲೀಲಿ ಬೈದ ಹಾಗಾಗುತ್ತೆ. ನೀನೂ ಸುಮ್ನಿರು. ಗಿಡ ಹೋದ್ರೆ ಹೋಗ್ಲಿ, ಇವಳು ಉಳೀಲಿ."

ಹೀಗೆ ಹೇಳಿದವಳು ದಿನಾ ಬೆಳಿಗ್ಗೆ ಕಿಟಕಿಯ ಹಿಂದೆ ನಿಂತು ಆ ಬಕೆಟ್ಟು ಬರಿದಾಗುವುದನ್ನು ನೋಡುತ್ತಿದ್ದಳು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಹೂ ಬಿಡುವ ಕಾಲಕ್ಕೆ ಗಿಡ ಸತ್ತಿತು. ನಾನು ಚಹಾಕ್ಕೆಂದು ಹೋಗಿದ್ದ ಬೆಳಿಗ್ಗೆ ಮೊಹಿಗುಲ್ ಕಪ್ಪಾಗಿ ಕೊಳೆತ ಬೇರನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು, ಮುಖವೆಲ್ಲ ಕಣ್ಣೀರು.

"ಅಮ್ಮಾ, ನಾನು ದಿನಾ ನೀರು ಹಾಕಿದೆ. ಆದ್ರೂ ಯಾಕೆ ಸತ್ತೋಯ್ತು?"

ಬಿಬಿಸೋರಕ್ಕ ಬಟ್ಟಲು ನೋಡುತ್ತ ಕೂತಳು. ನಾನೇ ಹೇಳಿದೆ: "ನೀರಿಗೇ ಸತ್ತಿದ್ದು ಕಣಮ್ಮ. ಬೆಟ್ಟದ ಗಿಡ ಅದು."

ಹುಡುಗಿ ಅತ್ತೆಯ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ?"

"ನೀನು ನೊಂದ್ಕೋತೀಯ ಅಂತ ಕಣೇ ಮಗಳೇ..."

"ಮಗಳಾ? ನನ್ನ ಹೆತ್ತವಳಾಗಿದ್ರೆ ಬಕೆಟ್ ಕಿತ್ಕೊಂಡು ಬೆನ್ನಿಗೆ ಒಂದು ಬಿಡ್ತಿದ್ಲು. ನೀವು ನೋಡ್ತಾ ನಿಂತ್ರಿ. ನನ್ನ ಕೈಯಿಂದಲೇ ಕೊಲ್ಲಿಸಿದ್ರಿ. ಬೈಯೋಕೂ ಆಗದಷ್ಟು ಹೊರಗಿನವಳಾ ನಾನು?"

ಇಡೀ ಕೇರಿಯನ್ನು ಬಾಯಲ್ಲೇ ಆಳಿದವಳು ಆ ಕೊಳೆತ ಬೇರನ್ನು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಳು.

ಮೊಹಿಗುಲ್ ಮನೆ ಬಿಟ್ಟು ಹೋಗಲಿಲ್ಲ. ಈಗಲೂ ನಸುಕಿಗೇ ಏಳುತ್ತಾಳೆ, ಗುಡಿಸುತ್ತಾಳೆ, ತಲೆ ಬಾಗಿಸಿ ಚಹಾ ಕೊಡುತ್ತಾಳೆ. ಅತ್ತೆಯನ್ನು ಅಮ್ಮ ಎಂದು ಮಾತ್ರ ಮತ್ತೆ ಕರೆದಿಲ್ಲ.