ಗೋಡೆಗೆ ಮುಖ ಮಾಡಿ ಕೇಳಿದ್ದು

ಅಂಗಡಿ ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಹಿಂದಿತ್ತೋ ಪಕ್ಕದಲ್ಲಿತ್ತೋ, ಈಗ ಖಾತ್ರಿಯಿಲ್ಲ. ರೇಡಿಯೊ ರಿಪೇರಿಯ ಭಾಯ್ ಯಾವ ವೈರನ್ನಾದರೂ ಮೊದಲು ಉಫ್ ಎಂದು ಊದಿ, "ಕಿವೀನ ಕೇಳಮ್ಮಾ, ಡಬ್ಬಾನಲ್ಲ" ಎನ್ನುತ್ತಿದ್ದರು.

ತೀರಿಕೊಂಡ ಅಮ್ಮ ಹಾಡಿದ್ದ ಕ್ಯಾಸೆಟ್ಟನ್ನು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಬೇಕೆಂದು ನಾನು ದುಬಾರಿ ವೈರು ಹುಡುಕುತ್ತಿದ್ದೆ. ಭಾಯ್ ಅಗ್ಗದ್ದೊಂದು, ದುಬಾರಿಯದೊಂದು ವೈರು ತೋರಿಸಿ, ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಾಡನ್ನು ಎರಡು ಸಲ ಹಾಕಿದರು.

"ಎರಡನೇದೇ ಕೊಡಿ ಭಾಯ್! ಅಮ್ಮ ಉಸಿರೆಳ್ಕೊಳ್ಳೋದೂ ಕೇಳಿಸ್ತು."

"ಅರೇ, ನಾನು ವೈರ್ ಬದ್ಲಾಯಿಸ್ಲೇ ಇಲ್ವಲ್ಲಮ್ಮಾ!"

ಇಬ್ಬರೂ ನಕ್ಕೆವು. ಅಗ್ಗದ್ದನ್ನೇ ತಂದೆ.

ಮನೆಯಲ್ಲಿ ಅಣ್ಣನಿಗೆ ಹೆಡ್‌ಫೋನ್ ಕೊಟ್ಟು ಕೇಳಿದೆ: "ಅಮ್ಮ ಉಸಿರೆಳ್ಕೊಳ್ಳೋದು ನಿಂಗೂ ಕೇಳಿಸುತ್ತೇನೋ?"

ಅವನು ಹಾಡನ್ನು ಮೂರು ಸಲ ಕೇಳಿದ. ನಾಲ್ಕನೇ ಸಲಕ್ಕೆ ತಾನಾಗಿಯೇ ಗೋಡೆಗೆ ಮುಖ ಮಾಡಿ ನಿಂತ.